ವಿದ್ಯುನ್ಮಾನ ಸಹಿ: ರೈತರು ತಿಳಿದಿರಬೇಕಾದ ಸಂಗತಿಗಳು



ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕಥೆಗಳನ್ನು ನೀವು ಹಿರಿಯರ ಬಾಯಿಂದ ಕೇಳಿದ್ದೀರಿ. ಓದು ಬರಹ ಬಾರದವರೂ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ನಾಲ್ವರನ್ನು ಕೇಳುವುದನ್ನು ಕಲಿತದ್ದು ಹಾಗೆ. ಈಗಲಾದರೋ ಕಾಗದವೂ ಇಲ್ಲದೆ, ಮಸಿಯೂ ಇಲ್ಲದೆ ಸಹಿ ಬೀಳುವ ಕಾಲ ಬಂದಿದೆ. ಫೋನಿಗೆ ಬಂದ ಆರು ಅಂಕಿಗಳನ್ನು ಹೇಳಿದರೆ ಅದೇ ನಿಮ್ಮ ಸಹಿಯಾಗಬಹುದು.

ಕಾನೂನು ಏನು ಹೇಳುತ್ತದೆ?

ಭಾರತದ ಮಾಹಿತಿ ತಂತ್ರಜ್ಞಾನ ಕಾಯಿದೆಯು 2000ನೇ ಇಸವಿ ಅಕ್ಟೋಬರ್ 17ರಂದು ಜಾರಿಗೆ ಬಂದಿತು. ಸಹಿ ಬೇಕೆಂದು ಕಾನೂನು ಹೇಳುವ ಕಡೆ, ಸರ್ಕಾರ ಗೊತ್ತುಮಾಡಿದ ವಿಧಾನದಲ್ಲಿ ಹಾಕಿದ ವಿದ್ಯುನ್ಮಾನ ಸಹಿಯೂ ಸಲ್ಲುತ್ತದೆಂದು ಅದರ 5ನೇ ಕಲಮು ಹೇಳುತ್ತದೆ. ಆಧಾರ್ ಮೂಲಕ ಸಹಿ ಹಾಕುವ ‘ಇ-ಸೈನ್’ ಪದ್ಧತಿಗೆ 2015ರಲ್ಲಿ ನಿಯಮಗಳಾದವು. ಆದ್ದರಿಂದ ‘ನಾನು ಕಾಗದದ ಮೇಲೆ ರುಜು ಹಾಕಿಲ್ಲ’ ಎಂಬ ಒಂದೇ ಮಾತಿನಿಂದ ಜವಾಬ್ದಾರಿ ತಪ್ಪದು.

ಈ ಸಹಿ ಹೇಗೆ ಕೆಲಸ ಮಾಡುತ್ತದೆ?

ಪತ್ರದ ಅಕ್ಷರಗಳನ್ನೆಲ್ಲ ಲೆಕ್ಕ ಹಾಕಿ ಯಂತ್ರವು ಆ ಪತ್ರಕ್ಕೇ ಹೊಂದುವ ಒಂದು ಗುರುತನ್ನು ತೆಗೆಯುತ್ತದೆ. ಸಹಿ ಹಾಕುವವರ ಗುಪ್ತ ಕೀಲಿಯಿಂದ ಅದನ್ನು ಭದ್ರಪಡಿಸುತ್ತದೆ. ಆಮೇಲೆ ಯಾರಾದರೂ ಐವತ್ತು ಸಾವಿರವನ್ನು ಐದು ಲಕ್ಷವೆಂದು ತಿದ್ದಿದರೆ ಗುರುತು ತಾಳೆಯಾಗದೆ ಮೋಸ ಬಯಲಾಗುತ್ತದೆ. ಇದು ಕಾಗದದ ಸಹಿಗಿಲ್ಲದ ಗುಣ. ಆದರೆ ಒಂದನ್ನು ಮರೆಯಬೇಡಿ: ಮೊದಲೇ ಐದು ಲಕ್ಷವೆಂದು ಬರೆದಿದ್ದ ಪತ್ರಕ್ಕೆ ಓದದೆ ಸಹಿ ಹಾಕಿದರೆ ಯಂತ್ರವು ನಿಮ್ಮನ್ನು ಕಾಯುವುದಿಲ್ಲ.

ಕಾಗದದ ಮೇಲಿನ ಸಹಿಯ ಫೋಟೋ ತೆಗೆದು ಅಂಟಿಸುವುದು ಈ ಕಾಯಿದೆ ಹೇಳುವ ವಿದ್ಯುನ್ಮಾನ ಸಹಿಯಲ್ಲ. ನಾಡಕಚೇರಿಯಿಂದ ಬರುವ ಜಾತಿ, ಆದಾಯ ಪ್ರಮಾಣಪತ್ರಗಳಲ್ಲಿ ಮಸಿಯ ಸಹಿ ಇಲ್ಲವೆಂದು ಅನುಮಾನ ಪಡಬೇಕಿಲ್ಲ. ಅವುಗಳಿಗೆ ಅಧಿಕಾರಿಯ ಡಿಜಿಟಲ್ ಸಹಿ ಇರುತ್ತದೆ.

ಯಾವುದಕ್ಕೆ ಸಲ್ಲದು?

ಮರಣಶಾಸನ, ಅಂದರೆ ವಿಲ್, ಕಾಗದದ ಮೇಲೆಯೇ ಆಗಬೇಕು. ಅದಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಟ್ರಸ್ಟ್ ಪತ್ರವೂ, ಒಬ್ಬ ರೈತ ಇನ್ನೊಬ್ಬರಿಗೆ ಬರೆದುಕೊಡುವ ಜಿ.ಪಿ.ಎ.ಯೂ, ಊರಿನ ಸಾಹುಕಾರನಿಗೆ ಕೊಡುವ ಪ್ರೋನೋಟೂ ಹಾಗೆಯೇ. ಆದರೆ 2022ರ ತಿದ್ದುಪಡಿಯಾದಂದಿನಿಂದ ಬ್ಯಾಂಕಿಗೆ ಕೊಡುವ ಪ್ರೋನೋಟನ್ನು ಈ ಸಹಿಯಿಂದ ಮಾಡಬಹುದು. ಅದೇ ತಿದ್ದುಪಡಿಯು ಜಮೀನು ಮಾರಾಟದ ಕರಾರುಗಳಿಗಿದ್ದ ತಡೆಯನ್ನೂ ತೆಗೆಯಿತು. ಆದರೂ ನೂರು ರೂಪಾಯಿ ಅಥವಾ ಮೇಲ್ಪಟ್ಟ ಬೆಲೆಯ ಜಮೀನಿನ ಕ್ರಯ ನೋಂದಣಿಯಾಗಲೇಬೇಕು. ಬರೀ ಇ-ಸಹಿಯಿಂದ ಹೊಲದ ಒಡೆತನ ಬದಲಾಗದು.

ನೀವು ಮಾಡಬೇಕಾದದ್ದು

1. ಆಧಾರ್‌ಗೆ ನಿಮ್ಮದೇ ಫೋನ್ ನಂಬರನ್ನು ಜೋಡಿಸಿರಿ. ದಲ್ಲಾಳಿಯ ನಂಬರಾಗಲಿ, ಅಂಗಡಿಯವರ ನಂಬರಾಗಲಿ ಬೇಡ.

2. ಓ.ಟಿ.ಪಿ. ಬಂದಾಗ ಅದು ಯಾವ ಕೆಲಸಕ್ಕೆಂದು ಸಂದೇಶವನ್ನು ಓದಿರಿ, ಇಲ್ಲವೇ ಓದುಬಲ್ಲ ಮಕ್ಕಳಿಂದ ಓದಿಸಿರಿ. ಫೋನಿನಲ್ಲಿ ಕೇಳಿದವರಿಗೆ ಹೇಳಬೇಡಿ. ಎಲ್ಲ ಓ.ಟಿ.ಪಿ.ಯೂ ಸಹಿಯಲ್ಲ, ಕೆಲವು ಬ್ಯಾಂಕಿನ ಹಣಕ್ಕೇ ಬಾಗಿಲು.

3. ಸಾಲದ ಪತ್ರವಾದರೆ ಮೊತ್ತ, ಬಡ್ಡಿ, ಕಂತು, ಅಡವು ಈ ನಾಲ್ಕನ್ನೂ ಕೇಳಿ ತಿಳಿದ ಮೇಲೆಯೇ ಒಪ್ಪಿರಿ. ಸಹಿಯಾದ ಪತ್ರದ ಪ್ರತಿಯನ್ನು ಕೇಳಿ ಪಡೆಯಿರಿ.

4. ಬೆರಳಚ್ಚು ಯಂತ್ರದಲ್ಲಿ ‘ಸರಿಬರಲಿಲ್ಲ, ಇನ್ನೊಮ್ಮೆ ಒತ್ತಿ’ ಎಂದರೆ, ಏತಕ್ಕೆಂದು ಕೇಳಿರಿ. ಬೇಡವಾದಾಗ ಆಧಾರ್ ಬೆರಳಚ್ಚಿಗೆ ಬೀಗ ಹಾಕಿಡುವ ಸೌಲಭ್ಯವೂ ಉಂಟು.

ಮತ್ತೊಬ್ಬರ ವಿದ್ಯುನ್ಮಾನ ಸಹಿಯನ್ನು ಮೋಸದಿಂದ ಬಳಸಿದವರಿಗೆ ಕಾಯಿದೆಯ 66ಸಿ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ಉಂಟು. ಮೋಸವಾದರೆ ನಾಚಿಕೊಂಡು ಸುಮ್ಮನಿರಬೇಡಿ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿರಿ, ಪೊಲೀಸ್ ಠಾಣೆಯಲ್ಲಿಯೂ ದೂರು ಕೊಡಿರಿ.

ವಿದ್ಯುನ್ಮಾನ ಸಹಿಯಿಂದ ಕಚೇರಿಗೆ ಅಲೆಯುವುದು ತಪ್ಪುತ್ತದೆ, ದಿನಗೂಲಿ ಉಳಿಯುತ್ತದೆ. ಅದನ್ನು ದೂರವಿಡಬೇಕಿಲ್ಲ. ಆದರೆ ಅಂದು ಹೆಬ್ಬೆಟ್ಟಿಗೆ ತೋರಿದ ಎಚ್ಚರವನ್ನೇ ಇಂದು ಆ ಆರು ಅಂಕಿಗಳಿಗೂ ತೋರಿರಿ.