ದೇಹತೂಕ ಮತ್ತು ಇನ್ಸುಲಿನ್ ಪ್ರತಿರೋಧ

ಇನ್ಸುಲಿನ್ ಪ್ರತಿರೋಧವೆಂದರೆ ರಕ್ತದಲ್ಲಿ ಇನ್ಸುಲಿನ್ ಇದ್ದರೂ ಯಕೃತ್ತು, ಸ್ನಾಯು ಹಾಗೂ ಕೊಬ್ಬಿನ ಜೀವಕೋಶಗಳು ಅದಕ್ಕೆ ಸರಿಯಾಗಿ ಸ್ಪಂದಿಸದಿರುವ ಸ್ಥಿತಿ. ಎರಡನೆಯ ವಿಧದ ಮಧುಮೇಹದ ಮುಖ್ಯ ಕಾರಣಗಳಲ್ಲಿ ಇದೂ ಒಂದು. ದೇಹತೂಕ ಹೆಚ್ಚಿದಂತೆ ಪ್ರತಿರೋಧವೂ ಸಾಮಾನ್ಯವಾಗಿ ಹೆಚ್ಚುತ್ತದೆ. ಆದರೆ ತೂಕದಷ್ಟೇ ಮುಖ್ಯವಾದುದು ಕೊಬ್ಬು ಶೇಖರವಾಗಿರುವ ಸ್ಥಳ ಮತ್ತು ಸ್ನಾಯುವಿನ ಪ್ರಮಾಣ. ಈ ಕಾರಣದಿಂದ ತೆಳ್ಳಗೆ ಕಾಣುವ ಭಾರತೀಯರಲ್ಲಿಯೂ ಮಧುಮೇಹ ಕಂಡುಬರುತ್ತದೆ.

ಕಾರ್ಯವಿಧಾನ

ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ ಅನ್ನು ಸ್ರವಿಸುತ್ತವೆ. ಊಟದ ನಂತರ ರಕ್ತದಲ್ಲಿ ಏರುವ ಗ್ಲೂಕೋಸ್ ಸ್ನಾಯುಕೋಶಗಳ ಒಳಗೆ ಸೇರಲು ಇದು ನೆರವಾಗುತ್ತದೆ. ಯಕೃತ್ತು ಹೊಸದಾಗಿ ಗ್ಲೂಕೋಸ್ ಬಿಡುಗಡೆ ಮಾಡದಂತೆಯೂ ತಡೆಯುತ್ತದೆ.

ಅಗತ್ಯಕ್ಕಿಂತ ಹೆಚ್ಚಾದ ಆಹಾರದ ಶಕ್ತಿ ಮೊದಲು ಚರ್ಮದಡಿಯ ಕೊಬ್ಬಾಗಿ ಶೇಖರವಾಗುತ್ತದೆ. ಆ ಉಗ್ರಾಣ ತುಂಬಿದ ಮೇಲೆ ಉಳಿದ ಕೊಬ್ಬು ಹೊಟ್ಟೆಯ ಒಳಭಾಗ, ಯಕೃತ್ತು ಮತ್ತು ಸ್ನಾಯುಗಳಲ್ಲಿ ನೆಲೆಸುತ್ತದೆ. ಅಲ್ಲಿ ಅದು ಇನ್ಸುಲಿನ್ನಿನ ಸಂದೇಶಕ್ಕೆ ಅಡ್ಡಿಯಾಗುತ್ತದೆ. ಬೀಟಾ ಕೋಶಗಳು ಹೆಚ್ಚು ಇನ್ಸುಲಿನ್ ಸ್ರವಿಸಿ ಈ ಕೊರತೆಯನ್ನು ಹಲವು ವರ್ಷ ಸರಿದೂಗಿಸುತ್ತವೆ. ಅವು ಸೋತಾಗ ರಕ್ತದ ಸಕ್ಕರೆ ಏರುತ್ತದೆ. ಹೀಗಾಗಿ ಸ್ಥೂಲಕಾಯದವರೆಲ್ಲರಿಗೂ ಮಧುಮೇಹ ಬರುವುದಿಲ್ಲ.

ಭಾರತೀಯರಲ್ಲಿ

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಉದಾಹರಣೆಯನ್ನು ಪ್ರಕಟಿಸಿದರು. ಇಬ್ಬರ ದೇಹತೂಕ ಸೂಚ್ಯಂಕವೂ (ಬಿಎಂಐ) 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬಿನ ಪ್ರಮಾಣ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2.

ಭಾರತೀಯರ ದೇಹದಲ್ಲಿ ಸ್ನಾಯು ಕಡಿಮೆ, ಹೊಟ್ಟೆಯ ಕೊಬ್ಬು ಹೆಚ್ಚು ಇರುವುದರಿಂದ 2009ರ ಭಾರತೀಯ ತಜ್ಞರ ಒಮ್ಮತದ ಮಾರ್ಗಸೂಚಿಯು ಸೂಚ್ಯಂಕ 23ರಿಂದ ಅಧಿಕತೂಕ, 25ರಿಂದ ಸ್ಥೂಲಕಾಯ ಎಂದು ಗುರುತಿಸಿತು. ಅಂತರರಾಷ್ಟ್ರೀಯ ಮಿತಿಗಳು ಕ್ರಮವಾಗಿ 25 ಮತ್ತು 30. ಸೊಂಟದ ಸುತ್ತಳತೆಯ ಮಿತಿ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ಕುತ್ತಿಗೆಯ ಹಿಂಭಾಗ ಮತ್ತು ಕಂಕುಳಿನ ಚರ್ಮ ದಪ್ಪಗಾಗಿ ಕಪ್ಪಾಗುವುದೂ ಪ್ರತಿರೋಧದ ಲಕ್ಷಣವಾಗಿರಬಹುದು.

ಕರ್ನಾಟಕದ ಅಧ್ಯಯನಗಳು

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ಜನನ ಕಾಲದ ಅಳತೆಗಳನ್ನು ದಾಖಲಿಸಿ ಉಳಿಸಿಕೊಳ್ಳಲಾಗಿತ್ತು. ಅಲ್ಲಿ ಜನಿಸಿದ 506 ಜನರನ್ನು ಪರೀಕ್ಷಿಸಿದ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರ ವರದಿ 1998ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಉದ್ದ ಕಡಿಮೆಯಿದ್ದು, ಆ ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದವರಲ್ಲಿ ಮಧುಮೇಹ ಹೆಚ್ಚಾಗಿತ್ತು. ಅವರ ತಾಯಂದಿರ ತೂಕವೂ ಹೆಚ್ಚಾಗಿತ್ತು. ಹೀಗೆ ದಪ್ಪಗೆ ಹುಟ್ಟಿದವರಲ್ಲಿ ಕಂಡದ್ದು ಇನ್ಸುಲಿನ್ ಪ್ರತಿರೋಧವಲ್ಲ, ಬೀಟಾ ಕೋಶಗಳ ದೌರ್ಬಲ್ಯ. ಅಂತಹವರ ತೂಕ ಮುಂದೆ ಏರಿದರೆ ಪ್ರತಿರೋಧದ ಹೊರೆಯನ್ನು ಆ ಕೋಶಗಳು ತಾಳಲಾರವು. ಗರ್ಭಿಣಿಯ ಆರೋಗ್ಯವೂ ಮಗುವಿನ ಮುಂದಿನ ಮಧುಮೇಹಕ್ಕೆ ಸಂಬಂಧಿಸಿದೆ ಎಂಬುದನ್ನು ಈ ಅಧ್ಯಯನ ಸೂಚಿಸಿತು.

ದಕ್ಷಿಣ ಬೆಂಗಳೂರಿನಲ್ಲಿ ಬಿಟಿಎಂ ಬಡಾವಣೆಗೆ ಸಮೀಪವಿರುವ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ತೆಳ್ಳಗಿನ ಯುವಕರಲ್ಲಿ ಸ್ನಾಯುವಿನ ಪ್ರಮಾಣಕ್ಕೂ ಇನ್ಸುಲಿನ್ ಸಂವೇದನೆಗೂ ಇರುವ ಸಂಬಂಧವನ್ನು ಅಧ್ಯಯನ ಮಾಡಿದ್ದಾರೆ.

ತೂಕ ಇಳಿಕೆಯ ಪರಿಣಾಮ

ಬ್ರಿಟನ್ನಿನ 'ಡೈರೆಕ್ಟ್' ಪ್ರಯೋಗದಲ್ಲಿ ಕಡಿಮೆ ಕ್ಯಾಲೊರಿಯ ಆಹಾರಕ್ರಮವನ್ನು ಅನುಸರಿಸಿದವರ ಪೈಕಿ ಶೇ. 46ರಷ್ಟು ಜನರ ಮಧುಮೇಹ ಒಂದು ವರ್ಷದ ಕೊನೆಗೆ ಔಷಧಿಯಿಲ್ಲದೆ ಶಮನ ಸ್ಥಿತಿಯಲ್ಲಿತ್ತು. 15 ಕೆ.ಜಿ. ಅಥವಾ ಹೆಚ್ಚು ತೂಕ ಇಳಿಸಿದವರಲ್ಲಿ ಈ ಪ್ರಮಾಣ ಶೇ. 86. ಯಕೃತ್ತು ಮತ್ತು ಮೇದೋಜೀರಕ ಗ್ರಂಥಿಯ ಕೊಬ್ಬು ಕರಗುವುದೇ ಇದಕ್ಕೆ ಕಾರಣವೆಂಬುದು ಸಂಶೋಧಕರ ವಿವರಣೆ. ಶಮನವೆಂದರೆ ಶಾಶ್ವತ ಗುಣವಲ್ಲ. ತೂಕ ಮರಳಿದರೆ ರೋಗವೂ ಮರಳಬಹುದು.

ಚೆನ್ನೈಯಲ್ಲಿ ನಡೆದ, 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಪ್ರಯೋಗದ ಫಲಿತಾಂಶ ಭಿನ್ನವಾದುದು. ಮಧುಮೇಹಪೂರ್ವ ಸ್ಥಿತಿಯಲ್ಲಿದ್ದವರು ನಡಿಗೆ ಮತ್ತು ಆಹಾರದ ಹಿತಮಿತಗಳನ್ನು ಪಾಲಿಸಿದಾಗ ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ಮಧುಮೇಹದ ಅಪಾಯ ಶೇ. 28.5ರಷ್ಟು ತಗ್ಗಿತು. ದುಡಿಯುವ ಸ್ನಾಯು ಗ್ಲೂಕೋಸನ್ನು ನೇರವಾಗಿ ಬಳಸಿಕೊಳ್ಳುವುದು ಇದಕ್ಕೆ ಒಂದು ಕಾರಣ. ಆದ್ದರಿಂದ ಜಯನಗರ, ಬನಶಂಕರಿಗಳ ಉದ್ಯಾನಗಳಲ್ಲಿ ನಿತ್ಯ ನಡೆಯುವವರ ತೂಕ ಇಳಿಯದಿದ್ದ ಮಾತ್ರಕ್ಕೆ ನಡಿಗೆ ನಿಷ್ಫಲವಾಗುವುದಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕು ನಡಿಗೆ ಮತ್ತು ಎರಡು ದಿನ ಸ್ನಾಯುಬಲ ಹೆಚ್ಚಿಸುವ ವ್ಯಾಯಾಮ ಸಾಮಾನ್ಯ ಶಿಫಾರಸು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ಸೇವಿಸುವವರು ವೈದ್ಯರ ಸಲಹೆಯಿಲ್ಲದೆ ಆಹಾರವನ್ನು ತೀವ್ರವಾಗಿ ಕಡಿತಗೊಳಿಸಿದರೆ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯಬಹುದು.