ಬೆಣ್ಣೆಯ ಲೇಪ ನುಣುಪಾಗುವುದು ಹೇಗೆ?

ಕುಂದಾಪುರದ ಉತ್ತರಕ್ಕಿರುವ ಹೆಮ್ಮಾಡಿಯ ಮನೆಯೊಂದರಲ್ಲಿ ಮಗುವಿನ ಹುಟ್ಟುಹಬ್ಬಕ್ಕೆಂದು ಕೇಕನ್ನು ಮಾಡಿದ್ದಾರೆಂದು ಭಾವಿಸೋಣ. ಕೇಕೇನೋ ಚೆನ್ನಾಗಿ ಬೆಂದಿದೆ. ಆದರೆ ಬೆಣ್ಣೆ ಸಕ್ಕರೆಗಳನ್ನು ಕಡೆದು ಮಾಡಿದ ಬಟರ್‌ಕ್ರೀಮನ್ನು ಅದರ ಮೇಲೆ ಬಳಿಯಹೊರಟರೆ ಲೇಪ ಜಾರುತ್ತದೆ. ಕೇಕಿನ ಪುಡಿ ಎದ್ದುಬಂದು ಅದರೊಡನೆ ಬೆರೆಯುತ್ತದೆ. ನಾಲಗೆಗೆ ಮರಳು ಮರಳಾಗಿ ತಗಲುತ್ತದೆ. ಪುಸ್ತಕದಲ್ಲಿದ್ದಂತೆಯೇ ಮಾಡಿಯೂ ಹೀಗಾಯಿತಲ್ಲ, ಕೈಗುಣವೇ ಸಾಲದೆಂದು ಮಾಡಿದವರು ಕೊರಗುತ್ತಾರೆ. ತಪ್ಪು ಕೈಯದಲ್ಲ, ಬಹುಮಟ್ಟಿಗೆ ಉಷ್ಣತೆಯದು.

ಈ ಮಾತನ್ನು ನಮ್ಮ ಅಜ್ಜಿಯರು ಬೇರೊಂದು ಕೆಲಸದಿಂದ ಅರಿತಿದ್ದರು. ಮೊಸರನ್ನು ನಸುಕಿನಲ್ಲಿಯೇ ಕಡೆಯುವುದೂ ಬೇಸಗೆಯಲ್ಲಿ ಅದಕ್ಕೆ ತಣ್ಣೀರು ಬೆರೆಸುವುದೂ ಅವರ ವಾಡಿಕೆ. ಬಿಸಿಲೇರಿದ ಮೇಲೆ ಕಡೆದರೆ ಬೆಣ್ಣೆ ಮುದ್ದೆಗಟ್ಟುವುದಿಲ್ಲ. ಏಕೆ? ಚಳಿಗಾಲದ ಮುಂಜಾನೆ ತುಪ್ಪದ ಭರಣಿಯನ್ನು ತೆರೆದು ನೋಡಿದರೆ ಉತ್ತರ ದೊರೆಯುತ್ತದೆ. ಕೆಳಗೆ ಹರಳು ಕಟ್ಟಿದೆ. ಮೇಲೆ ಎಣ್ಣೆಯಂತಹ ದ್ರವ ನಿಂತಿದೆ.

ಮಂಜುಗಡ್ಡೆಯು 0 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವಂತೆ ಹಾಲಿನ ಕೊಬ್ಬು ಒಂದೇ ಉಷ್ಣತೆಯಲ್ಲಿ ಕರಗುವ ವಸ್ತುವಲ್ಲ. ಅದು ಬಗೆಬಗೆಯ ಕೊಬ್ಬುಗಳ ಮಿಶ್ರಣ. 5 ಡಿಗ್ರಿಯಲ್ಲಿ ಅದರ ಸುಮಾರು ಅರ್ಧ ಭಾಗ ಘನವಾಗಿರುತ್ತದೆ. 20 ಡಿಗ್ರಿಯಲ್ಲಿ ಸುಮಾರು ಐದರಲ್ಲೊಂದು ಪಾಲು. 30 ಡಿಗ್ರಿ ದಾಟಿದರೆ ಅತ್ಯಲ್ಪ. ಈ ಘನ ಹರಳುಗಳ ಜಾಲವೇ ದ್ರವವನ್ನೂ ಗಾಳಿಯ ಗುಳ್ಳೆಗಳನ್ನೂ ಹಿಡಿದಿಡುತ್ತದೆ. ಹರಳು ಹೆಚ್ಚಾದರೆ ಲೇಪ ಬಿರುಸಾಗಿ ಒಡೆಯುತ್ತದೆ, ಕಡಿಮೆಯಾದರೆ ಹರಿಯುತ್ತದೆ. 20 ಡಿಗ್ರಿಯ ಆಸುಪಾಸು ಸರಿಯಾದ ಹದ. ತಂಪುದೇಶಗಳ ಪಾಕಪುಸ್ತಕಗಳು ‘ಕೊಠಡಿಯ ಉಷ್ಣತೆ’ ಎನ್ನುವುದು ಇದನ್ನೇ. ನಮ್ಮ ಕರಾವಳಿಯ ಕೊಠಡಿಯಾದರೋ ಮಧ್ಯಾಹ್ನ 30 ಡಿಗ್ರಿಯನ್ನು ಮುಟ್ಟಿರುತ್ತದೆ! ಆದುದರಿಂದ ನಾವೂ ನಸುಕಿನಲ್ಲಿ ಕೆಲಸಕ್ಕೆ ತೊಡಗಬೇಕು. ಪಾತ್ರೆಯನ್ನು ತಣ್ಣೀರಿನಲ್ಲಿರಿಸಿ ಕಡೆಯಬೇಕು. ಬೆಣ್ಣೆಯನ್ನು ಬೆರಳಿನಿಂದೊತ್ತಿದರೆ ಕುಳಿ ಬೀಳಬೇಕು, ಜಿಡ್ಡು ಒಸರಬಾರದು.

ಇನ್ನು ಸಕ್ಕರೆಯ ಮಾತು. ಸಕ್ಕರೆ ಕೊಬ್ಬಿನಲ್ಲಿ ಕರಗದು. ನೀರಿನಲ್ಲಿ ಮಾತ್ರ ಕರಗುತ್ತದೆ. 100 ಗ್ರಾಂ ಬೆಣ್ಣೆಯಲ್ಲಿರುವ ನೀರು ಸುಮಾರು 16 ಗ್ರಾಂ. 1 ಗ್ರಾಂ ನೀರು ಸುಮಾರು 2 ಗ್ರಾಂ ಸಕ್ಕರೆಯನ್ನು ಕರಗಿಸಬಲ್ಲುದು. ಅಂದರೆ ನಾವು ಹಾಕುವ 150 ಗ್ರಾಂ ಸಕ್ಕರೆಯಲ್ಲಿ ಕರಗುವುದು ಹೆಚ್ಚೆಂದರೆ 32 ಗ್ರಾಂ! ಎಷ್ಟು ಕಡೆದರೂ ಉಳಿದುದು ಕಣಗಳಾಗಿಯೇ ಇರುತ್ತದೆ. ಆದ್ದರಿಂದ ಸಕ್ಕರೆಯನ್ನು ಮೊದಲೇ ನುಣ್ಣಗೆ ಪುಡಿಮಾಡಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿಯಬೇಕು.

ಬಿರುಸಾಗಿ ಕಡೆದಾಗ ಸೇರಿದ ದೊಡ್ಡ ಗುಳ್ಳೆಗಳು ಬಳಿಯುವಾಗ ಒಡೆದು ಕುಳಿಗಳಾಗುತ್ತವೆ. ಕೊನೆಯ ಒಂದೆರಡು ನಿಮಿಷ ಚಪ್ಪಟೆ ಸೌಟಿನಿಂದ ಮೆಲ್ಲಗೆ ತಿರುವಿದರೆ ಅವು ಹೊರಬೀಳುತ್ತವೆ. ಪೂರ್ತಿ ಆರಿದ ಕೇಕಿಗೆ ಮೊದಲು ತೆಳುವಾದ ಒಂದು ಲೇಪ ಕೊಟ್ಟು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಬೇಕು. ಲೇಪ ಗಟ್ಟಿಯಾಗಿ ಪುಡಿಯನ್ನು ಬಂಧಿಸುತ್ತದೆ. ಎರಡನೆಯ ಲೇಪವನ್ನು ಬಳಿದು ಪುನಃ ತಣಿಸಿ, ಬಿಸಿನೀರಿನಲ್ಲದ್ದಿ ಒರೆಸಿದ ಚೂರಿಯನ್ನು ಒಮ್ಮೆ ಸವರಬೇಕು. ಮೇಲ್ಮೈಯ ಕೊಬ್ಬು ಕೂದಲೆಳೆಯಷ್ಟು ಕರಗಿ ತಗ್ಗುಗಳನ್ನು ತುಂಬುತ್ತದೆ. ಒಳಗಿನ ತಂಪು ಅದನ್ನು ಒಡನೆಯೇ ಹೆಪ್ಪುಗಟ್ಟಿಸುತ್ತದೆ.

ಕರಾವಳಿಯಲ್ಲಿ ಇನ್ನೊಂದು ಶತ್ರುವೂ ಉಂಟು: ಗಾಳಿಯ ತೇವ. ಉಷ್ಣತೆ 30 ಡಿಗ್ರಿ, ಆರ್ದ್ರತೆ ನೂರಕ್ಕೆ 80 ಇದ್ದಾಗ ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ನೀರು ಹನಿಗಟ್ಟುತ್ತದೆ. ಫ್ರಿಜ್ಜಿನಿಂದ ತೆಗೆದ ಕೇಕು ಬೆವರುವುದು ಹೀಗೆ. ಆ ಹನಿಗಳು ಸಕ್ಕರೆಯನ್ನು ಕರಗಿಸಿ ಲೇಪವನ್ನು ಅಂಟಾಗಿಸುತ್ತವೆ. ಕೇಕನ್ನು ಮುಚ್ಚಿದ ಡಬ್ಬಿಯಲ್ಲಿಯೇ ಹೊರತೆಗೆದರೆ ಹನಿ ಡಬ್ಬಿಯ ಹೊರಮೈಯಲ್ಲಿ ಕೂಡುತ್ತದೆ. ಬಹಳ ಹೊತ್ತು ಬಿಟ್ಟರೆ ಬೆಣ್ಣೆ ಕರಗುತ್ತದಾದುದರಿಂದ ಸ್ವಲ್ಪ ಹೊತ್ತಿನಲ್ಲಿಯೇ ತೆರೆದು ಹಂಚಿಬಿಡುವುದು ಲೇಸು.

ಪುಸ್ತಕದ ಸೂತ್ರ ಸುಳ್ಳಲ್ಲ. ಅದು ಬೇರೊಂದು ಹವೆಗಾಗಿ ಬರೆದುದು. ಅದನ್ನು ನಮ್ಮ ಹವೆಗೆ ಹೊಂದಿಸಿಕೊಳ್ಳಲು ಬೇಕಾದ ತಿಳಿವು ಕಡೆಗೋಲು ಹಿಡಿದ ಕೈಗಳಲ್ಲಿ ಹಿಂದಿನಿಂದಲೂ ಇದ್ದಿತು.