ಮೇಲ್ವಿಚಾರಣೆಯ ರೀತಿ ಮತ್ತು ಶುಶ್ರೂಷಕಿಯರ ಕ್ಷೇಮ

1939ರಲ್ಲಿ ಲೆವಿನ್, ಲಿಪ್ಪಿಟ್, ವೈಟ್ ಎಂಬ ವಿದ್ವಾಂಸರು ಬಾಲಕರ ಗುಂಪುಗಳನ್ನು ಪರೀಕ್ಷಿಸಿ, ನಾಯಕತ್ವದಲ್ಲಿ ನಿರಂಕುಶ, ಪ್ರಜಾಸತ್ತಾತ್ಮಕ, ಉದಾಸೀನ ಎಂಬ ಮೂರು ಬಗೆಗಳನ್ನು ವಿವರಿಸಿದರು. ಇದಕ್ಕೆ ಎಂಬತ್ತು ವರ್ಷ ಮೊದಲೇ, 1859ರ ತಮ್ಮ ಶುಶ್ರೂಷಾ ಗ್ರಂಥದಲ್ಲಿ, ಫ್ಲಾರೆನ್ಸ್ ನೈಟಿಂಗೇಲರು ತಾವಿಲ್ಲದಾಗಲೂ ಕೆಲಸ ಸಾಗುವಂತೆ ಏರ್ಪಡಿಸುವುದೇ ಮೇಲ್ವಿಚಾರಣೆಯ ಮರ್ಮವೆಂದು ತೋರಿಸಿದ್ದರು.

1986ರಲ್ಲಿ ಬೆಂಗಳೂರು ಗ್ರಾಮಾಂತರವೆಂದು ರೂಪುಗೊಂಡ ಜಿಲ್ಲೆಗೆ ಇದನ್ನು ಅನ್ವಯಿಸಿ ನೋಡೋಣ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯರಿಗೆ ರಾತ್ರಿಪಾಳಿ ತಪ್ಪದು. ಅವರನ್ನು ಕೇಳದೆ ಪಾಳಿಪಟ್ಟಿಯನ್ನು ಹೇರಿದರೆ ನಿದ್ರೆ, ಮನೆ, ಮನಸ್ಸು ಮೂರೂ ಕೆಡುತ್ತವೆ. ಮೇಲಿನವರು ಉದಾಸೀನರಾದರೆ ಹೊರೆಯೆಲ್ಲ ಎದುರಾಡದವಳ ಹೆಗಲೇರುತ್ತದೆ. ಕೂಡಿ ಆಲೋಚಿಸಿ ಬರೆದ ಪಟ್ಟಿಯಿಂದ ಪಾಳಿಗಳು ಕಡಿಮೆಯಾಗವು. ಆದರೆ ಅವು ನ್ಯಾಯವಾಗಿ ಹಂಚಿಕೆಯಾಗುತ್ತವೆ. ದಣಿದ ಶುಶ್ರೂಷಕಿಯ ಕೈಯಲ್ಲಿ ರೋಗಿಯ ಪ್ರಾಣವಿರುವುದರಿಂದ, ಇದು ಕೇವಲ ಸೌಜನ್ಯದ ಪ್ರಶ್ನೆಯಲ್ಲವೆಂದು ನಾವು ಭಾವಿಸುತ್ತೇವೆ.